ಕೃಷಿ ಜಮೀನು ಮತ್ತು ವಿದೇಶವಾಸಿ ವಾರಸುದಾರರು

ಹೊಸದೆಹಲಿಯ ಸರೋಜಿನಿ ನಗರವು ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳಿಂದ ಹೆಸರಾದ ಬಡಾವಣೆ. ಇಲ್ಲಿಯೂ ಸಮೀಪದ ರಾಮಕೃಷ್ಣಪುರದಲ್ಲಿಯೂ ಸೇವಾವಧಿಯನ್ನು ಕಳೆದ ಕನ್ನಡ ಕುಟುಂಬಗಳಲ್ಲಿ ಹಲವಕ್ಕೆ ಊರಿನಲ್ಲಿ ಪಿತ್ರಾರ್ಜಿತವಾದ ಒಂದಿಷ್ಟು ಜಮೀನು ಇರುವುದುಂಟು. ಯಜಮಾನರ ವಾಸ ದೆಹಲಿಯಲ್ಲಿ, ಜಮೀನಿನ ಪಹಣಿ ಹಾಸನದಲ್ಲಿಯೋ ಶಿವಮೊಗ್ಗದಲ್ಲಿಯೋ, ಮಕ್ಕಳ ಉದ್ಯೋಗ ಅಮೆರಿಕದಲ್ಲಿ. ಇಂತಹ ಮನೆಗಳಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಇದು: ಅಮೆರಿಕದ ಪೌರತ್ವ ಪಡೆದ ಮಗಳ ಹೆಸರಿಗೆ ಊರಿನ ಗದ್ದೆಯನ್ನು ಮಾಡಿಕೊಡಬಹುದೆ? ದಾನಪತ್ರದ ಮೂಲಕ ಆಗದು, ಉಯಿಲಿನ ಮೂಲಕ ಆಗುತ್ತದೆ ಎಂಬುದು ಉತ್ತರ. ಒಂದೇ ತಂದೆ, ಒಂದೇ ಮಗಳು, ಒಂದೇ ಗದ್ದೆಯಾದರೂ ಪತ್ರದ ಸ್ವರೂಪ ಬದಲಾದೊಡನೆ ಹಕ್ಕು ಬದಲಾಗುವುದೇಕೆ ಎಂಬುದನ್ನು ತಿಳಿಯಬೇಕಾದರೆ ಎರಡು ಬಗೆಯ ಕಾನೂನುಗಳನ್ನು ನೋಡಬೇಕಾಗುತ್ತದೆ.

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಭೂಮಿ ಹಾಗೂ ಕೃಷಿ ಜಮೀನಿನ ವರ್ಗಾವಣೆ ರಾಜ್ಯಪಟ್ಟಿಯ 18ನೆಯ ವಿಷಯ. ವಿದೇಶಿ ವಿನಿಮಯವು ಕೇಂದ್ರಪಟ್ಟಿಯ 36ನೆಯ ವಿಷಯ. ಜಮೀನನ್ನು ಯಾರು ಕೊಳ್ಳಬಹುದು, ಒಂದು ಕುಟುಂಬ ಎಷ್ಟು ಇಟ್ಟುಕೊಳ್ಳಬಹುದು ಎಂಬುದನ್ನು ರಾಜ್ಯ ಹೇಳುತ್ತದೆ. ದೇಶದ ಹೊರಗೆ ನೆಲೆಸಿದವರು ಇಲ್ಲಿನ ಸ್ಥಿರಾಸ್ತಿಯನ್ನು ಪಡೆಯುವ ಬಗೆಯನ್ನು ವಿದೇಶಿ ವಿನಿಮಯದ ಹೆಸರಿನಲ್ಲಿ ಕೇಂದ್ರ ಹೇಳುತ್ತದೆ.

ಕರ್ನಾಟಕದಲ್ಲಿ 1961ರ ಭೂಸುಧಾರಣಾ ಕಾಯಿದೆಯ ವ್ಯಾಪಕ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ಈ ತಿದ್ದುಪಡಿಯನ್ನು ಜನರು ಇಂದಿಗೂ ‘ಉಳುವವನೇ ಹೊಲದೊಡೆಯ’ ಎಂಬ ಮಾತಿನಿಂದ ಗುರುತಿಸುತ್ತಾರೆ. ಕೃಷಿಯೇತರ ಆದಾಯವು ಗೊತ್ತುಪಡಿಸಿದ ಮಿತಿಯನ್ನು ಮೀರಿದವರು ಕೃಷಿ ಜಮೀನು ಪಡೆಯುವುದನ್ನು 79-ಎ ಕಲಂ ತಡೆಯಿತು. ಕಂಪನಿಗಳು ಮತ್ತಿತರ ಸಂಸ್ಥೆಗಳು ಜಮೀನು ಹೊಂದುವುದನ್ನು 79-ಬಿ ಕಲಂ ತಡೆಯಿತು. ವ್ಯವಸಾಯಗಾರನಲ್ಲದವನಿಗೆ ಜಮೀನು ವರ್ಗಾಯಿಸುವುದನ್ನು 80ನೆಯ ಕಲಂ ನಿರ್ಬಂಧಿಸಿತು. ಈ ಕಲಂಗಳು ಯಾರ ಪೌರತ್ವವನ್ನೂ ವಿಚಾರಿಸಲಿಲ್ಲ. ವಿಚಾರಿಸಿದ್ದು ಆದಾಯವನ್ನು ಮತ್ತು ಕಸುಬನ್ನು. ಆದ್ದರಿಂದ ಮಿತಿಮೀರಿದ ಸಂಬಳವಿದ್ದ ದೆಹಲಿಯ ಅಧಿಕಾರಿಯು ತನ್ನ ಹುಟ್ಟೂರಿನಲ್ಲಿ ಒಂದು ಎಕರೆ ಕೊಳ್ಳಹೋದರೂ ಪರದೇಶದವನಷ್ಟೇ ಹೊರಗಿನವನಾಗುತ್ತಿದ್ದನು. ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷ ರೂಪಾಯಿಗಳಿಂದ 25 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. 2020ರಲ್ಲಿ ರೈತ ಸಂಘಟನೆಗಳ ತೀವ್ರ ವಿರೋಧದ ನಡುವೆ 79-ಎ, 79-ಬಿ ಮತ್ತು 79-ಸಿ ಕಲಂಗಳನ್ನು ಕಾಯಿದೆಯಿಂದ ಕೈಬಿಡಲಾಯಿತು. ಬೇರೆ ರಾಜ್ಯಗಳ ಸ್ಥಿತಿ ಬೇರೆ. ಹಿಮಾಚಲ ಪ್ರದೇಶದ 1972ರ ಕಾಯಿದೆಯ 118ನೆಯ ಕಲಂ ಪ್ರಕಾರ, ಆ ರಾಜ್ಯದ ಕೃಷಿಕನಲ್ಲದವನು ಸರ್ಕಾರದ ಅನುಮತಿಯಿಲ್ಲದೆ ಅಲ್ಲಿ ಜಮೀನು ಕೊಳ್ಳಲಾರನು.

ಕರ್ನಾಟಕದಲ್ಲಿ ಹಳೆಯ ತಡೆಗಳು ಹೋದುವೆಂದ ಮಾತ್ರಕ್ಕೆ ವಿದೇಶವಾಸಿಗಳಿಗೆ ಹಾದಿ ತೆರೆಯಿತೆಂದು ಭಾವಿಸುವುದು ತಪ್ಪು. ಕೇಂದ್ರದ ನಿರ್ಬಂಧ ಹಾಗೆಯೇ ಉಳಿದಿದೆ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ 2000ದ ಜೂನ್ 1ರಿಂದ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯು ಜಾರಿಯಲ್ಲಿದ್ದು, 2019ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿಯಮಗಳು ಈ ವಿಷಯಕ್ಕೆ ಅನ್ವಯಿಸುತ್ತವೆ. ಇವುಗಳ ಪ್ರಕಾರ ಅನಿವಾಸಿ ಭಾರತೀಯರು ಹಾಗೂ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಹೊಂದಿದವರು ಮನೆ, ನಿವೇಶನ, ಅಂಗಡಿಗಳನ್ನು ಕೊಳ್ಳಬಹುದು. ಕೃಷಿ ಜಮೀನು, ತೋಟದ ಮನೆ ಮತ್ತು ಪ್ಲಾಂಟೇಶನ್ ಆಸ್ತಿ, ಈ ಮೂರನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಸ್ವೀಕರಿಸುವಂತಿಲ್ಲ. ಸಾಗರೋತ್ತರ ನಾಗರಿಕ ಎಂಬ ಹೆಸರೇ ಅನೇಕರ ಗೊಂದಲಕ್ಕೆ ಕಾರಣವಾಗಿದೆ. ಅದು ಭಾರತದ ಪೌರತ್ವವಲ್ಲ. ಇನ್ನು ಭಾರತೀಯ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೂ ಹೊರದೇಶದಲ್ಲಿ ನೆಲೆಸಿದವರಿಗೆ ಈ ನಿರ್ಬಂಧ ತಪ್ಪಿದ್ದಲ್ಲ.

ಉತ್ತರಾಧಿಕಾರದ ವಿಷಯದಲ್ಲಿ ಮಾತ್ರ ಕಾನೂನು ಉದಾರವಾಗಿದೆ. ಭಾರತದಲ್ಲಿ ನೆಲೆಸಿದ್ದ ತಂದೆ ತಾಯಿಗಳು ತೀರಿಕೊಂಡಾಗ ಅವರ ಜಮೀನು ವಿದೇಶದಲ್ಲಿರುವ ಮಕ್ಕಳಿಗೆ ವಾರಸಾಗಿ ಬರಬಹುದು. ಆ ಮಕ್ಕಳ ಕಾಲಾನಂತರ ಮೊಮ್ಮಕ್ಕಳಿಗೂ ಸಾಗಬಹುದು. ವಿದೇಶಕ್ಕೆ ಹೋಗುವ ಮುನ್ನ, ಭಾರತದ ನಿವಾಸಿಯಾಗಿದ್ದಾಗ ನ್ಯಾಯಬದ್ಧವಾಗಿ ಪಡೆದ ಜಮೀನನ್ನೂ ಉಳಿಸಿಕೊಳ್ಳಬಹುದೆಂದು ಕಾಯಿದೆಯ 6ನೆಯ ಕಲಂ 5ನೆಯ ಉಪಕಲಂ ಹೇಳುತ್ತದೆ. ಹೀಗಾಗಿ ದಾನಪತ್ರದ ತಾರೀಖಿಗೆ ಬಹಳ ಮಹತ್ತ್ವವಿದೆ. ಮಗನು ಇಲ್ಲಿನ ನಿವಾಸಿಯಾಗಿದ್ದಾಗ ನೋಂದಣಿಯಾದ ದಾನವು ಆತನು ವಲಸೆ ಹೋದ ಮೇಲೂ ನಿಲ್ಲುತ್ತದೆ. ಅದೇ ದಾನವನ್ನು ವಲಸೆಯ ನಂತರ ಮಾಡಿದರೆ ನಿಯಮಕ್ಕೆ ವಿರುದ್ಧವಾಗುತ್ತದೆ.

ವಾರಸಾಗಿ ಬಂದ ಜಮೀನನ್ನು ಮಾರುವುದಾದರೆ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು. ಅಣ್ಣ ಲಂಡನ್ನಿನಲ್ಲಿ, ತಮ್ಮ ಸಿಡ್ನಿಯಲ್ಲಿ ಇದ್ದು ಇಬ್ಬರಿಗೂ ಒಂದು ಅಡಿಕೆ ತೋಟ ಬಂದಿದ್ದರೆ, ತಮ್ಮನು ತನ್ನ ಪಾಲನ್ನು ಅಣ್ಣನಿಗೆ ಮಾರಲು ಬರುವುದಿಲ್ಲ. ಊರಿನಲ್ಲಿರುವ ಅಕ್ಕನಿಗೆ ಮಾರಬಹುದು. ಮಾರಾಟದ ಹಣವನ್ನು ತೆರಿಗೆ ಸಲ್ಲಿಸಿದ ನಂತರ ಬ್ಯಾಂಕಿನ ಮೂಲಕ ಆರ್ಥಿಕ ವರ್ಷವೊಂದಕ್ಕೆ 10 ಲಕ್ಷ ಡಾಲರುಗಳ ಮಿತಿಯೊಳಗೆ ಹೊರಕ್ಕೆ ಕಳುಹಿಸಿಕೊಳ್ಳಬಹುದು.

ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದವರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ರಾಜ್ಯದ ಭೂಸುಧಾರಣಾ ಕಾಯಿದೆಯ 104ನೆಯ ಕಲಂ ಪ್ಲಾಂಟೇಶನ್‌ಗಳಿಗೆ ಹಲವು ವಿನಾಯಿತಿಗಳನ್ನು ನೀಡಿದೆ. ಅದನ್ನೇ ನೆಚ್ಚಿ ಕೇಂದ್ರದ ನಿಯಮವೂ ಅಂತಹುದೇ ಎಂದುಕೊಳ್ಳುವವರಿದ್ದಾರೆ. ಅಲ್ಲಿ ಆ ವಿನಾಯಿತಿ ಇಲ್ಲ. ದೊಡ್ಡ ನಗರಗಳ ಸುತ್ತ ‘ಫಾರಂ ಪ್ಲಾಟು’ಗಳೆಂದು ಮಾರುವ ತುಂಡು ಜಮೀನುಗಳದೂ ಇದೇ ಕಥೆ. ಜಾಹೀರಾತು ಏನೇ ಹೇಳಲಿ, ಕೃಷಿಯೇತರ ಉದ್ದೇಶಕ್ಕೆ ಭೂಪರಿವರ್ತನೆಯ ಆದೇಶ ಆಗಿಲ್ಲದಿದ್ದರೆ ಅದು ಕೃಷಿ ಜಮೀನೇ. ಅನಿವಾಸಿಗಳು ಹಣ ಕೊಡುವ ಮೊದಲು ಪಹಣಿಯನ್ನೂ ಪರಿವರ್ತನಾ ಆದೇಶವನ್ನೂ ನೋಡತಕ್ಕದ್ದು.

ನೆಲದ ಮೇಲಿನ ಇಂತಹ ಕಾವಲು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ವಿದೇಶಿಯರು ಕೃಷಿ ಜಮೀನು ಪಡೆದರೆ ವರದಿ ಮಾಡಬೇಕೆಂದು 1978ರ ಕೇಂದ್ರ ಕಾಯಿದೆ ವಿಧಿಸುತ್ತದೆ. ಅಯೋವಾದಂತಹ ರಾಜ್ಯಗಳು ಅನಿವಾಸಿ ವಿದೇಶಿಯರ ಖರೀದಿಯನ್ನೇ ನಿರ್ಬಂಧಿಸಿವೆ. ಕ್ಯಾಲಿಫೋರ್ನಿಯಾದ 1913ರ ಕಾನೂನು, ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರಿಗೆ ಕೃಷಿ ಜಮೀನಿನ ಒಡೆತನವನ್ನು ನಿರಾಕರಿಸಿತು. ಭಾರತೀಯರು ಆ ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗ ಪಂಜಾಬಿ ರೈತರು ತಾವು ಉತ್ತಿದ ನೆಲವನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಲಾರದಾದರು. ಜನಾಂಗವನ್ನು ಗುರಿಯಾಗಿಸಿದ ಆ ಕಾನೂನಿಗೂ ವಾಸಸ್ಥಳವನ್ನು ಆಧರಿಸಿದ ನಮ್ಮ ನಿಯಮಕ್ಕೂ ಇರುವ ಅಂತರ ದೊಡ್ಡದು.

ನಿಯಮ ಮೀರಿದ ವ್ಯವಹಾರದ ಪರಿಣಾಮ ಲಘುವಾದುದಲ್ಲ. ವಿದೇಶಿ ಪೌರತ್ವದ ಮಹಿಳೆಯೊಬ್ಬರು ಬೆಂಗಳೂರಿನಲ್ಲಿದ್ದ ಆಸ್ತಿಯೊಂದನ್ನು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಪಡೆಯದೆ 1977ರಲ್ಲಿ ದಾನ ಮಾಡಿದ್ದರು. ದಶಕಗಳ ವ್ಯಾಜ್ಯದ ನಂತರ 2021ರ ಫೆಬ್ರವರಿ 26ರಂದು ಸರ್ವೋಚ್ಚ ನ್ಯಾಯಾಲಯವು, 1973ರ ಕಾಯಿದೆಯ 31ನೆಯ ಕಲಮಿನ ಅನುಮತಿ ಕಡ್ಡಾಯವಾಗಿದ್ದುದರಿಂದ ಆ ದಾನವು ಊರ್ಜಿತವಲ್ಲವೆಂದು ನಿರ್ಣಯಿಸಿತು. ಅದು ಕೃಷಿ ಜಮೀನಾಗಿರಲಿಲ್ಲ, ಆ ಕಾಯಿದೆಯೂ ಈಗಿಲ್ಲ. ಆದರೆ ನೋಂದಣಿಯಾದ ಪತ್ರವೊಂದಿದ್ದ ಮಾತ್ರಕ್ಕೆ ಹಕ್ಕು ಬಾರದೆಂಬುದು ಈ ತೀರ್ಪಿನಿಂದ ಸ್ಪಷ್ಟವಾಗುತ್ತದೆ. ಈಗಿನ ಕಾಯಿದೆಯ 13ನೆಯ ಕಲಂ ಪ್ರಕಾರ ಉಲ್ಲಂಘನೆಗೆ ಸಂಬಂಧಿಸಿದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಲು ಅವಕಾಶವಿದೆ.

ತಂದೆ ತಾಯಿಗಳು ತೀರಿಕೊಂಡ ಬಳಿಕ ವಿದೇಶದಲ್ಲಿರುವ ಮಕ್ಕಳು ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಉಯಿಲು ಇದ್ದಲ್ಲಿ ಅದರ ಪ್ರತಿಯೊಡನೆ ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ತಾವೇ ಬರಲಾಗದಿದ್ದರೆ ಅಧಿಕಾರಪತ್ರದ ಮೂಲಕ ಊರಿನಲ್ಲಿರುವ ಬಂಧುಗಳಿಗೆ ಆ ಕೆಲಸವನ್ನು ವಹಿಸಬಹುದು. ಅಜ್ಜನ ಹೆಸರಿನಲ್ಲಿಯೇ ಉಳಿದ ಪಹಣಿಗಳು ಊರೂರಿನಲ್ಲಿ ಕಾಣಸಿಗುತ್ತವೆ. ಅಂತಹ ಜಮೀನುಗಳಲ್ಲಿ ಮೊದಲು ಅಜ್ಜನಿಂದ ತಂದೆಗೆ, ಅನಂತರ ತಂದೆಯಿಂದ ಮಕ್ಕಳಿಗೆ ಹಕ್ಕು ಇಳಿದುಬಂದುದನ್ನು ದಾಖಲೆಗಳ ಮೂಲಕ ತೋರಿಸಬೇಕಾಗುತ್ತದೆ.