ಬೀಗ ಹಾಕಿದ್ದ ಪಿಸ್ತೂಲು

ಕೈದಿಗಳನ್ನು ಕೋರ್ಟಿಗೆ ಕರೆದೊಯ್ಯುವ ಪೊಲೀಸ್ ಕೆಲಸದಲ್ಲೇ ನಾನು ನಿವೃತ್ತನಾದೆ. ಹೊಸಬರು ಬಂದಾಗೆಲ್ಲ ಅಮೆರಿಕದ ಅಟ್ಲಾಂಟಾದ ಪ್ರಕರಣ ಹೇಳುತ್ತಿದ್ದೆ.

2005ರ ಮಾರ್ಚ್ 11. ಫುಲ್ಟನ್ ಕೌಂಟಿ ನ್ಯಾಯಾಲಯ. ವಿಚಾರಣಾಧೀನ ಕೈದಿ ಬ್ರಯಾನ್ ನಿಕೋಲ್ಸ್‌ನ ಬೂಟಿನಲ್ಲಿ ಆ ವಾರವೇ ಚೂಪಾದ ಲೋಹದ ತುಂಡುಗಳು ಸಿಕ್ಕಿದ್ದವು. ಆದರೂ ಅವನ ಕಾವಲಿಗಿದ್ದದ್ದು ಒಬ್ಬರೇ ಮಹಿಳಾ ಅಧಿಕಾರಿ. ಪಿಸ್ತೂಲನ್ನು ಅವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಬಟ್ಟೆ ಬದಲಿಸಲೆಂದು ಕೈಕೋಳ ಬಿಚ್ಚಿದ್ದೇ ತಡ, ಆತ ಅವರನ್ನು ಹೊಡೆದು ಕೆಡವಿ, ಕೀಲಿ ಕಿತ್ತುಕೊಂಡು ಪಿಸ್ತೂಲು ತೆಗೆದ. ಕ್ಯಾಮೆರಾ ಈ ಹಲ್ಲೆಯನ್ನು ಸೆರೆಹಿಡಿಯಿತು. ಪರದೆ ನೋಡಬೇಕಾದವರು ಗಮನಿಸಲಿಲ್ಲ. ನ್ಯಾಯಾಧೀಶ ರೋಲೆಂಡ್ ಬಾರ್ನ್ಸ್ ಸೇರಿ ನಾಲ್ವರು ಅವನ ಗುಂಡಿಗೆ ಬಲಿಯಾದರು.

ಕೀಲಿ ಕೈದಿಗೆ ಎಟುಕುವಂತಿದ್ದರೆ ಬೀಗವಿದ್ದೂ ಇಲ್ಲದಂತೆಯೇ. ಕೋರ್ಟ್ ಕಾಯುವ ಗೆಳೆಯರೇ, ಜೊತೆಗಾರ ಬರುವ ತನಕ ಕೈಕೋಳ ಬಿಚ್ಚಬೇಡಿ.