ಲಿನಕ್ಸ್ ವಿತರಣೆಯನ್ನು ಆಯುವ ಬಗೆ

ಮನೆ ಕೊಳ್ಳಹೋದವನು ತಲೆಬಾಗಿಲ ಕೆತ್ತನೆಯನ್ನು ಮೆಚ್ಚುತ್ತಾನೆ; ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವವರು ಯಾರೆಂದು ಕೇಳುವುದಿಲ್ಲ. ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಳ್ಳಹೊರಟವರೂ ಹೀಗೆಯೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬರುತ್ತಿದ್ದ ವಾಡಿಕೆಯ ತಿದ್ದುಪಡಿಗಳು ನಿಂತುವಷ್ಟೆ. ಹಳೆಯ ಯಂತ್ರವನ್ನು ಗುಜರಿಗೆ ಹಾಕಲೊಲ್ಲದ ಮಿತ್ರರು, "ಮೇಷ್ಟ್ರೇ, ಯಾವ ಲಿನಕ್ಸು ಒಳ್ಳೆಯದು?" ಎಂದು ಅಂದಿನಿಂದ ಕೇಳುತ್ತಲೇ ಇದ್ದಾರೆ.

ಲಿನಕ್ಸೆಂಬುದು ನಿಜಕ್ಕೂ ಒಳತಿರುಳು ಮಾತ್ರ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ತೋರ್ವಾಲ್ಡ್ಸ್ ಅದನ್ನು ಹೊರತಂದರು. ಆ ತಿರುಳಿಗೆ ಬೇಕಾದ ಸಲಕರಣೆಗಳನ್ನೆಲ್ಲ ಕೂಡಿಸಿ, ಪರೀಕ್ಷಿಸಿ ನಮ್ಮ ಕೈಗಿಡುವ ಕಟ್ಟಿಗೆ 'ವಿತರಣೆ' ಎಂದು ಹೆಸರು. ಇಂಥವು ನೂರಾರಿವೆ. ಅಂದಚೆಂದಗಳನ್ನು ಬದಿಗಿಟ್ಟು ಎರಡು ಮಾತು ಕೇಳಬೇಕು: ಇದಕ್ಕೆ ಎಷ್ಟು ವರ್ಷ ತಿದ್ದುಪಡಿ ದೊರೆಯುವುದು? ಮುಂದಿನ ಆವೃತ್ತಿಗೆ ದಾಟುವ ದಾರಿ ಎಂತಹುದು?

ಫೆಡೋರಾದಲ್ಲಿ ಸುಮಾರು ಆರು ತಿಂಗಳಿಗೊಂದು ಆವೃತ್ತಿ. ಒಂದೊಂದರ ಆಯುಸ್ಸು ಹದಿಮೂರು ತಿಂಗಳ ಆಸುಪಾಸು. ಆರ್ಚ್‌ನಲ್ಲಿ ಆವೃತ್ತಿಯೆಂಬುದೇ ಇಲ್ಲ. ಹೊಳೆಯ ನೀರಿನಂತೆ ಹೊಸತು ಹರಿದುಬರುತ್ತಲೇ ಇರುತ್ತದೆ. ಆದರೆ ಅವರ ಪ್ರಕಟಣೆಗಳನ್ನು ಓದಿಯೇ ಮುಂದುವರಿಯಬೇಕು. ಉತ್ತರಪತ್ರಿಕೆ ತಿದ್ದುವವನಿಗೆ ಅಷ್ಟು ವ್ಯವಧಾನವೆಲ್ಲಿ?

ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳ ಏಪ್ರಿಲಿನಲ್ಲಿ ಬರುತ್ತದೆ. ಐದು ವರ್ಷ ಬಾಳುತ್ತದೆ. ಅದರ ಮೇಲೆಯೇ ಕಟ್ಟಿದ ಮಿಂಟ್ ಹೊಸಬರಿಗೆ ಸುಲಭ. ಅದರಲ್ಲಿರುವ ಟೈಮ್‌ಶಿಫ್ಟ್ ವ್ಯವಸ್ಥೆಯ ಇಂದಿನ ಸ್ಥಿತಿಯನ್ನು ಕಾದಿಟ್ಟು, ಕೆಟ್ಟರೆ ಹಿಂದಕ್ಕೆ ಕರೆದೊಯ್ಯುತ್ತದೆ.

ಆದರೆ ವರ್ಷಗಳ ವಾಗ್ದಾನವೊಂದೇ ಸಾಲದು. ವಾಗ್ದಾನ ಮಾಡಿದವರು ಯಾರೆಂಬುದೂ ಮುಖ್ಯ. ಸೆಂಟ್‌ಓಎಸ್ 8 ಎಂಬ ವಿತರಣೆ 2029ರವರೆಗೆ ನಡೆಯುವುದೆಂದು ನಂಬಿ ಅದೆಷ್ಟೋ ಮಂದಿ ಹಾಕಿಕೊಂಡಿದ್ದರು. 2020ರ ಡಿಸೆಂಬರಿನಲ್ಲಿ ಬಂದ ಪ್ರಕಟಣೆಯೊಂದು ಅದನ್ನು 2021ರ ಕೊನೆಗೇ ಮುಗಿಸಿತು! ಡೆಬಿಯನ್ನಿಗೆ ಒಡೆಯರಾದ ಕಂಪೆನಿಯಿಲ್ಲ. 1993ರಲ್ಲಿ ಆರಂಭವಾದ ಅದನ್ನು ಸ್ವಯಂಸೇವಕರ ಸಮುದಾಯವೇ ನಡೆಸುತ್ತಿದೆ. ಸುಮಾರು ಎರಡು ವರ್ಷಕ್ಕೊಂದು ಸ್ಥಿರ ಆವೃತ್ತಿ. ಮೂರು ವರ್ಷ ಪೂರ್ಣ ಪೋಷಣೆ, ಮತ್ತೆರಡು ವರ್ಷ ದೀರ್ಘಾವಧಿಯ ಆರೈಕೆ. ನನ್ನ ಒಲವು ಇದರ ಕಡೆಗೆ.

ದಾಟುವ ದಾರಿಯಲ್ಲಿ ಒಂದು ಎಚ್ಚರ. ಡೆಬಿಯನ್ನಿನಲ್ಲಿ ಮೆಟ್ಟಿಲು ಹಾರುವಂತಿಲ್ಲ. 11ರಿಂದ 12, ಅನಂತರವೇ 13. ವಿತರಣೆಯ ಸ್ವಂತ ಉಗ್ರಾಣದಿಂದ ತಂದ ತಂತ್ರಾಂಶಗಳು ಸಾಮಾನ್ಯವಾಗಿ ತಂಟೆ ಮಾಡವು. ಹೊರಗಿನಿಂದ ತಂದವೇ ಅಡ್ಡಗಾಲು ಹಾಕುವುವು. ಮುದ್ರಣಯಂತ್ರಕ್ಕೆಂದು ಎಲ್ಲಿಂದಲೋ ತಂದುಹಾಕಿದ್ದ ತಂತ್ರಾಂಶವೊಂದರ ದೆಸೆಯಿಂದ ನನ್ನದೊಂದು ಭಾನುವಾರವೆಲ್ಲ ಹಾಳಾಯಿತು. ನಡುದಾರಿಯಲ್ಲಿ ನಿಂತ ಯಂತ್ರ ಸಂಜೆಯವರೆಗೂ ಮಿಸುಕಲಿಲ್ಲ. ಪುಣ್ಯಕ್ಕೆ, ಮಕ್ಕಳ ಅಂಕಪಟ್ಟಿಯನ್ನು ಹಿಂದಿನ ರಾತ್ರಿಯೇ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟಿದ್ದೆ.

ಹಳೆಯ ಯಂತ್ರವುಳ್ಳವರು ಮೊದಲು ಅದು 64 ಬಿಟ್ಟಿನದೇ ಎಂದು ನೋಡಿಕೊಳ್ಳಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ಟಿನ ಸಾಮಾನ್ಯ ಪಿ.ಸಿ.ಗಳಿಗೆ ಅನುಸ್ಥಾಪನೆಯ ಅವಕಾಶವನ್ನೇ ಕೈಬಿಟ್ಟಿದ್ದಾರೆ.