ಒಳಗಿನಿಂದ ಬಲ್ಲವರು ಕೆತ್ತಿದ ಮರುತ್

ಆ ಮನೆಯ ಷೋಕೇಸಿನಲ್ಲಿ ಒಂಬತ್ತು ವಿಮಾನಗಳಿವೆ, ಒಂಬತ್ತೂ ಒಂದೇ ವಿಮಾನ: ಬೆಂಗಳೂರಿನಲ್ಲೇ ತಯಾರಾದ ಯುದ್ಧವಿಮಾನ ಎಚ್‌ಎಫ್-24 ಮರುತ್. ಮೂಗಿನಿಂದ ಬಾಲಕ್ಕೆ 22 ಸೆಂಟಿಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಹನ್ನೆರಡೂವರೆ. "ಮೊದಲಿನ ಎಂಟು ಸರಿ ಬಂದಿಲ್ಲ" ಎಂದರು ಮನೆಯ ಯಜಮಾನರು. ಒಂಬತ್ತನೆಯದು? "ಅದೂ ಅಷ್ಟಕ್ಕಷ್ಟೇ."

ವಿಮಾನಪುರದ ಹತ್ತಿರದ ಆ ಬೀದಿಯ ಮಕ್ಕಳಿಗೆ ಅವರು 'ಮರುತ್ ತಾತ'. ಪೇಪರಿನಲ್ಲಿ ಹೆಸರು ಬೇಡ ಎಂದದ್ದರಿಂದ ನನಗೂ ಹಾಗೇ. 1960ರ ದಶಕದ ಕೊನೆಗೆ ಎಚ್‌ಎಎಲ್ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದಾಗ ಕಡ್ಡಿಯ ಹಾಗಿದ್ದರಂತೆ. ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗೆ ಒಬ್ಬ ಗನ್ ಹಿಡಿದು ಹೊಡೆದರೆ, ಒಳಗೆ ಇನ್ನೊಬ್ಬ ಕಬ್ಬಿಣದ ಗಟ್ಟಿಯನ್ನು ರಿವೆಟ್ಟಿನ ತುದಿಗೆ ಒತ್ತಿ ಹಿಡಿಯಬೇಕು. ವಿಮಾನದ ಹೊಟ್ಟೆಯೊಳಗೆ ತೂರಬಲ್ಲ ಮೈ ಇವರದೇ ಆದ್ದರಿಂದ, ಒಳಗಿನ ಕೆಲಸ ಇವರ ಪಾಲಿಗೆ ಬಂತು. ವರ್ಷಗಟ್ಟಲೆ ಮರುತ್‌ನ ಒಳಗೆ ಮಂಡಿಯೂರಿ, ಬೆನ್ನು ಬಾಗಿಸಿ, ಕಿವಿಗೆ ಹತ್ತಿ ತುರುಕಿಕೊಂಡು ಕೂತವರು. "ಹೊರಗಿನಿಂದ ಎಲ್ಲರೂ ನೋಡಿದ್ದಾರೆ. ನನಗೆ ಅದರ ಸೊಂಟ ಗೊತ್ತಿರೋದು ಬೆನ್ನಿನಿಂದ."

ಸೊಂಟ ಎಂದದ್ದು ಸುಮ್ಮನೆ ಅಲ್ಲ. ಶಬ್ದದ ವೇಗದ ಹತ್ತಿರ ಹತ್ತಿರ ಹಾರುವ ವಿಮಾನದ ಗಾತ್ರ ಎಲ್ಲೂ ಥಟ್ಟನೆ ಉಬ್ಬಬಾರದು, ಉಬ್ಬಿದರೆ ಗಾಳಿ ತಡೆಯುತ್ತದೆ. ಹಾಗಾಗಿ ರೆಕ್ಕೆ ಸೇರುವ ಕಡೆ ಮೈಯನ್ನು ಕೊಂಚ ಕಿರಿದು ಮಾಡುತ್ತಾರೆ. ಮರುತ್‌ನ ಚೆಲುವೆಲ್ಲ ಆ ಕಿರಿದಿನಲ್ಲಿದೆ. ಮಾದರಿ ಮಾಡುವವರ ಪಾಲಿನ ಶನಿಯೂ ಅದೇ. ಬದಿಯಿಂದ ನೋಡಿದರೆ ಕಾಣದು, ಮೇಲಿನಿಂದ ನೋಡಿದರೆ ತೆಳುವಾಗಿ ಕಂಡೀತು. ತಾತ ನನ್ನ ಕೈಗೆ ಐದನೆಯ ಮಾದರಿ ಕೊಟ್ಟು ಕಣ್ಣು ಮುಚ್ಚಿ ಸವರಲು ಹೇಳಿದರು. ಸವರಿದೆ, ಚೆನ್ನಾಗಿಯೇ ಇತ್ತು. ಒಂಬತ್ತನೆಯದನ್ನು ಕೊಟ್ಟರು. ಆಗ ಐದನೆಯದರ ತಪ್ಪು ಬೆರಳಿಗೆ ತಿಳಿಯಿತು.

ಇತಿಹಾಸವನ್ನು ಅವರು ಕಾಫಿ ಕುಡಿಯುತ್ತ ಎರಡು ನಿಮಿಷದಲ್ಲಿ ಮುಗಿಸಿದರು. ಜರ್ಮನಿಯ ಫೋಕೆ-ವುಲ್ಫ್ 190 ಯುದ್ಧವಿಮಾನದ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದದ್ದು. ಶಬ್ದದ ಎರಡರಷ್ಟು ವೇಗದ ಕನಸು ಕಂಡದ್ದು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗದೆ ಎರಡು ಆರ್ಫಿಯಸ್ 703 ಎಂಜಿನ್‌ಗಳಲ್ಲೇ ಸುಧಾರಿಸಿದ್ದು. 1961ರ ಜೂನ್‌ನಲ್ಲಿ ಮೊದಲ ಹಾರಾಟ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಿಂದ ಹಾರಿದ ಮರುತ್‌ಗಳಲ್ಲಿ ಒಂದೂ ಆಕಾಶದ ಕಾಳಗದಲ್ಲಿ ಬೀಳಲಿಲ್ಲ, ಬದಲಿಗೆ ಒಂದು ಪಾಕಿಸ್ತಾನಿ ಸೇಬರ್ ಬಿತ್ತು ಎನ್ನುವಾಗ ಮಾತ್ರ ಲೋಟ ಕೆಳಗಿಟ್ಟರು. ಒಟ್ಟು ತಯಾರಾದದ್ದು 147.

ನನಗೆ ಹಿಡಿಸಿದ ಸಂಗತಿ ಬೇರೆ. ಮರುತ್ ಮೊದಲು ಹಾರಿದ್ದೇ ಮರದ ಮಾದರಿಯಾಗಿ! 1959ರಲ್ಲಿ ಪೂರ್ಣ ಗಾತ್ರದ, ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನದ ಹಿಂದೆ ಹಗ್ಗಕ್ಕೆ ಬಿಗಿದು ಮೇಲೊಯ್ದು ಬಿಟ್ಟರು. ಅದರೊಳಗಿದ್ದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮರುತ್‌ನದೇ ಒಂದು ಪ್ರಯೋಗದ ಹಾರಾಟದಲ್ಲಿ ತೀರಿಕೊಂಡರು. ದಿನವೂ ಟ್ರಾಫಿಕ್‌ನಲ್ಲಿ ನಾವು ಬೈದುಕೊಳ್ಳುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು.

ಅಂಗಡಿಯ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಸ್ಪಿಟ್‌ಫೈರ್, ಮಸ್ಟಾಂಗ್ ಬೇಕಾದಷ್ಟು. ಅವುಗಳ ಅಳತೆಯನ್ನೇ ತಾತನೂ ಇಟ್ಟುಕೊಂಡಿದ್ದಾರೆ: 72ಕ್ಕೆ ಒಂದು, ಅಂದರೆ ಆರಡಿ ಆಳು ಒಂದಂಗುಲ ಆಗುವ ಲೆಕ್ಕ. ಆದರೆ ಪ್ಲಾಸ್ಟಿಕ್ ಬೇಡ, ಚನ್ನಪಟ್ಟಣದ ಬೊಂಬೆಯ ಆಲೆ ಮರವೇ ಬೇಕು. ನಕ್ಷೆ ಅಂಟಿಸಿ ಗರಗಸ ಹಾಕುತ್ತಾರೆ, ರಟ್ಟಿನ ಅಚ್ಚು ಒಡ್ಡಿ ಒಡ್ಡಿ ಅರದಲ್ಲಿ ಉಜ್ಜುತ್ತಾರೆ. ಪೈಲಟ್ ಕೂರುವ ಗಾಜಿನ ಗೂಡು ನೀರಿನ ಬಾಟಲಿಯದು. ಒಳಗೆ ಮರದ ಅಚ್ಚಿಟ್ಟು ಬಿಸಿಗಾಳಿ ಊದಿದರೆ ಪ್ಲಾಸ್ಟಿಕ್ ಕುಗ್ಗಿ ಅದಕ್ಕೆ ಕಚ್ಚಿಕೊಳ್ಳುತ್ತದೆ. ನಾಲ್ಕು ಫಿರಂಗಿಗಳು ಇಂಜೆಕ್ಷನ್ ಸೂಜಿಗಳು. ರಿವೆಟ್ ಮಾತ್ರ ಒಂದೂ ಇಲ್ಲ. ಕೇಳಿದ್ದಕ್ಕೆ ಸಿಟ್ಟಾದರು: "ಹೊರಗೆ ಕಾಣಬಾರದು ಅಂತ ತಾನೇ ಅಷ್ಟು ಕಷ್ಟಪಟ್ಟು ಹೊಡೆದಿದ್ದು?"

ಬಣ್ಣಕ್ಕಿಂತ ಬಣ್ಣದ ಮುಂಚಿನ ಕೆಲಸವೇ ದೊಡ್ಡದು. ಪ್ರೈಮರ್ ಹೊಡೆದು, 800ರ, ಆಮೇಲೆ 1200ರ ನೀರುಕಾಗದದಲ್ಲಿ ತಿಕ್ಕಿ, ಮತ್ತೆ ಹೊಡೆದು, ಮತ್ತೆ ತಿಕ್ಕಿ. ಅದರ ಮೇಲೆ ಬೂದು, ಹಸಿರು ಪಟ್ಟೆ. ಬಿಳಲಿನಷ್ಟು ತೆಳ್ಳಗೆ ಸುತ್ತಿದ ಮಕ್ಕಳ ಜೇಡಿಮಣ್ಣನ್ನು ಅಂಚಿಗಿಟ್ಟು ಏರ್‌ಬ್ರಶ್ ಹಿಡಿದರೆ ಎರಡು ಬಣ್ಣ ಮೆತ್ತಗೆ ಬೆರೆಯುತ್ತದೆ. ವಾಯುಪಡೆಯ ಚಕ್ರವನ್ನು ಕುಂಚದಲ್ಲೇ ಬರೆಯುತ್ತಾರೆ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮೂರನೆಯ ಮಾದರಿಯಲ್ಲಿ ಅದು ತಿರುಗುಮುರುಗಾಗಿದೆ. ಆಗ ಏಳು ವರ್ಷವಾಗಿದ್ದ ಮೊಮ್ಮಗ ಬರೆದದ್ದು, ತಿದ್ದಿಲ್ಲ.

ಆ ಮೊಮ್ಮಗ ಈಗ ಹೊರದೇಶದಲ್ಲಿ. ಹಿಂದೆ ಭಾನುವಾರ ಬೀದಿಯ ನಾಲ್ಕಾರು ಹುಡುಗರು ಬಂದು ಕೂರುತ್ತಿದ್ದರು, ಈಗ ಟ್ಯೂಷನ್‌ಗೆ ಹೋಗುತ್ತಾರೆ. ಹೊರಗಿನಿಂದ ಬರುವ ಬಣ್ಣದ ಡಬ್ಬಿಯ ಬೆಲೆ ಪಿಂಚಣಿಗೆ ಭಾರ. ತಾತನ ಕೈಯೂ ನಡುಗತೊಡಗಿದೆ. ಹತ್ತನೆಯದಕ್ಕೆ ತಂದ ಆಲೆ ಮರದ ತುಂಡು ಎರಡು ವರ್ಷದಿಂದ ಕಿಟಕಿಯಲ್ಲಿ ಒಣಗುತ್ತಿದೆ. ನಮ್ಮ ಶಾಲೆಗಳಲ್ಲಿ ವಾರಕ್ಕೆ ಒಂದು ಗಂಟೆ ಇಂಥವರನ್ನು ಕರೆಸಿ ಕೂರಿಸಿದರೆ ಖರ್ಚೇನೂ ಆಗದು.

ಅಸಲಿ ಮರುತ್‌ಗಳು ಬೆಂಗಳೂರಿನಲ್ಲಿ ಉಳಿದಿವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಒಂದಿದೆ, ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯದಲ್ಲೂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಎದುರು ನಿಂತು ಸೆಲ್ಫಿ ತೆಗೆದಾದ ಮೇಲೆ ಹಿಂಬದಿಗೆ ಹೋಗಿ, ರೆಕ್ಕೆ ಸೇರುವ ಕಡೆ ಆ ಸೊಂಟವನ್ನು ಒಮ್ಮೆ ನೋಡಿ ಬನ್ನಿ.